ಪಿಜಿಯ ತೆರೆದ ವೈಫೈಗೆ ಸರ್ಟಿಫಿಕೇಟ್ ಹಾಕಿದ ನನ್ನ ಅನುಭವ

ಬೆಂಗಳೂರಿನ ಬಿಟಿಎಂ ಲೇಔಟ್‌ನ ನಾಲ್ಕು ಮಹಡಿಯ ಪಿಜಿಯಲ್ಲಿ ಪ್ರತಿ ಫೋನಿಗೂ ಲ್ಯಾಪ್‌ಟಾಪಿಗೂ ವೈಫೈ ಸೇರಲು ಬೇರೆ ಬೇರೆ ಸರ್ಟಿಫಿಕೇಟ್, ಅಂದರೆ ಸಾಧನದೊಳಗೆ ಹಾಕುವ ಡಿಜಿಟಲ್ ಗುರುತುಚೀಟಿ, ಕೊಡುತ್ತೇನೆ ಎಂದಾಗ, ನನ್ನಂತೆ ವೈಫೈ ಹಾಕಿಕೊಡುವ ಗೆಳೆಯರು "ಪಿಜಿ ಹುಡುಗರು ಅದನ್ನೆಲ್ಲ ಹಾಕಿಕೊಳ್ಳುತ್ತಾರೆಯೇ?" ಎಂದು ತಲೆಯಾಡಿಸಿದ್ದರು. ಈಗ ವರ್ಷ ದಾಟಿದೆ. ಸುಮಾರು 150 ಸಾಧನಗಳು ಇದರ ಮೇಲೆಯೇ ನಡೆಯುತ್ತಿವೆ. ದೂರಿನ ಕರೆಗಳು ತಿಂಗಳಿಗೆ ಎರಡು ಮೂರಕ್ಕೆ ಇಳಿದಿವೆ.

ಮೊದಲು ಅಲ್ಲಿದ್ದದ್ದು ಪಾಸ್‌ವರ್ಡ್ ಇಲ್ಲದ ಎಸ್‌ಎಸ್‌ಐಡಿ (ಫೋನಿನಲ್ಲಿ ಕಾಣುವ ವೈಫೈ ಹೆಸರು) ಮತ್ತು ಒಳಗೆ ಬಿಡಬೇಕಾದ ಸಾಧನಗಳ ಮ್ಯಾಕ್ ಪಟ್ಟಿ (ಮ್ಯಾಕ್ ಎಂದರೆ ಸಾಧನದ ವೈಫೈ ವಿಳಾಸ). ಆಂಡ್ರಾಯ್ಡ್ 10, ಐಒಎಸ್ 14 ಬಂದ ಮೇಲೆ ಫೋನುಗಳು ನಿಜವಾದ ಮ್ಯಾಕ್ ಕೊಡುವುದನ್ನೇ ಬಿಟ್ಟವು. ಲಾಗ್ ತೆರೆದರೆ ಎರಡನೆಯ ಅಕ್ಷರ 2, 6, ಎ ಅಥವಾ ಇ ಇರುವ, ಅಂದರೆ ಫೋನೇ ಹುಟ್ಟಿಸಿಕೊಂಡ, ವಿಳಾಸಗಳೇ ಸಾಲುಸಾಲಾಗಿ ಕಾಣುತ್ತಿದ್ದವು. ಐಒಎಸ್ 18ರಲ್ಲಂತೂ ತೆರೆದ ನೆಟ್‌ವರ್ಕಿನಲ್ಲಿ ಆ ವಿಳಾಸ ಎರಡು ವಾರಕ್ಕೊಮ್ಮೆ ಬದಲಾಗುತ್ತದೆ. ಬಾಡಿಗೆ ಕಟ್ಟಿದವರು ಹೊರಗೆ, ಮ್ಯಾಕ್ ನಕಲು ಮಾಡಿಕೊಂಡ ಪಕ್ಕದ ಕಟ್ಟಡದವರು ಒಳಗೆ ಎಂಬಂತಾಗಿತ್ತು. ಓಟಿಪಿ ಕೇಳುವ ಲಾಗಿನ್ ಪುಟ, ಅಂದರೆ ಪೋರ್ಟಲ್, ಹಾಕಿದೆವು. ನೋಂದಣಿ, ಎಸ್‌ಎಂಎಸ್ ಎಲ್ಲ ಸೇರಿ ಹನ್ನೆರಡು ಸಾವಿರದಷ್ಟು ಹೋಯಿತು. ಆದರೆ ಲಾಗಿನ್ ಆದ ಮೇಲೆ ಪೋರ್ಟಲ್ ನೆನಪಿಡುವುದೂ ಅದೇ ಮ್ಯಾಕ್ ಅನ್ನೇ ಆದ್ದರಿಂದ ತೊಂದರೆ ಇದ್ದಲ್ಲೇ ಉಳಿಯಿತು. ಪೀಪ್ ಎಂಬ ವೈಫೈ ಲಾಗಿನ್ ವಿಧಾನ ಹಾಕಿ ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟಾಗ ಅವು ಒಂದೇ ವಾರದಲ್ಲಿ ವಾಟ್ಸ್ಆ್ಯಪ್ ಗುಂಪು ಸೇರಿದವು.

ಒಂದು ಸಂಸ್ಥೆ ಇಡೀ ವೈಫೈಯನ್ನು ಒಂದೆಡೆಯಿಂದ ನಡೆಸುವ ಕಂಟ್ರೋಲರ್ ಸಹಿತ ಎರಡೂವರೆ ಲಕ್ಷದ ಕೊಟೇಶನ್ ಕೊಟ್ಟಿತು, ವರ್ಷದ ಲೈಸೆನ್ಸ್ ಬೇರೆ. ನಾನು ಎಸ್‌ಪಿ ರೋಡಿನಿಂದ ಸುಮಾರು ಒಂಬತ್ತು ಸಾವಿರಕ್ಕೆ ಹಳೆಯ ಮಿನಿ ಪಿಸಿ ತಂದು ಯಾರನ್ನು ಒಳಗೆ ಬಿಡಬೇಕೆಂದು ತೀರ್ಮಾನಿಸುವ ಉಚಿತ ತಂತ್ರಾಂಶ ಫ್ರೀರೇಡಿಯಸ್ ಹಾಕಿ, ಇದ್ದ ಎಪಿಗಳಿಗೇ (ವೈಫೈ ಹರಡುವ ಪೆಟ್ಟಿಗೆಗಳಿಗೇ) ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ತಂತ್ರಾಂಶ ಏರಿಸಿದೆ. ತೆರೆದ ಎಸ್‌ಎಸ್‌ಐಡಿಯನ್ನು ತೆಗೆಯಲಿಲ್ಲ; ಅದರಿಂದ ತಲುಪಬಹುದಾದದ್ದು ಸರ್ಟಿಫಿಕೇಟ್ ಕೊಡುವ ಎಚ್‌ಟಿಟಿಪಿಎಸ್ ಪುಟವನ್ನು ಮಾತ್ರ. ಮ್ಯಾನೇಜರ್ ಕೊಡುವ ಬಾಡಿಗೆ ರಸೀದಿಯ ಕೆಳಗೆ ಒಮ್ಮೆ ಮಾತ್ರ ನಡೆಯುವ ಎಂಟಂಕಿಯ ಕೋಡ್ ಅಚ್ಚಾಗಿರುತ್ತದೆ. ಅದನ್ನು ಹಾಕಿದರೆ ಸರ್ಟಿಫಿಕೇಟ್ ಇಳಿಯುತ್ತದೆ. ಆ ಬಳಿಕ ಸಾಧನವು ಇಎಪಿ-ಟಿಎಲ್‌ಎಸ್ (ಸರ್ಟಿಫಿಕೇಟ್ ನೋಡಿ ಒಳಬಿಡುವ ವಿಧಾನ) ಇರುವ ಇನ್ನೊಂದು ಎಸ್‌ಎಸ್‌ಐಡಿಗೆ ಸೇರಿ, ತನ್ನ ಕೋಣೆಯ ವಿಎಲ್ಯಾನ್‌ಗೆ, ಅಂದರೆ ಬೇರೆಯಾಗಿಟ್ಟ ನೆಟ್‌ವರ್ಕ್ ಭಾಗಕ್ಕೆ, ಹೋಗುತ್ತದೆ. ಐಫೋನಿನ ಪೋರ್ಟಲ್ ಕಿಟಕಿಯಲ್ಲಿ ಸರ್ಟಿಫಿಕೇಟ್ ಇರುವ ಸೆಟ್ಟಿಂಗ್ಸ್ ಫೈಲು, ಅಂದರೆ ಪ್ರೊಫೈಲ್, ಇಳಿಯುವುದಿಲ್ಲ, ಸಫಾರಿಯೇ ಬೇಕು. ಹುಡುಗರನ್ನು ಅಲ್ಲಿಂದ ಸಫಾರಿಗೆ ದಾಟಿಸುವ ಉಪಾಯ ಸದ್ಯಕ್ಕೆ ನನ್ನಲ್ಲೇ ಇರಲಿ.

ಕೋಣೆ ಖಾಲಿ ಮಾಡಿದವರನ್ನು ತೆಗೆಯಲು ನಾನು ಸಿಆರ್‌ಎಲ್ (ರದ್ದಾದ ಸರ್ಟಿಫಿಕೇಟುಗಳ ಪಟ್ಟಿ) ನೆಚ್ಚಿಕೊಂಡಿಲ್ಲ. ಅದರ ಅವಧಿ ಮುಗಿದ ರಾತ್ರಿ ಇಡೀ ಕಟ್ಟಡವೇ ಹೊರಗುಳಿಯುತ್ತದೆ. ಸರ್ಟಿಫಿಕೇಟಿನ ಹೆಸರನ್ನು ಪ್ರತಿ ಸಲವೂ ಡೇಟಾಬೇಸಿನ ಬಾಡಿಗೆದಾರರ ಪಟ್ಟಿಯೊಡನೆ ತಾಳೆ ನೋಡಿಸುತ್ತೇನೆ. ಒಂದು ಸಾಲು ಅಳಿಸಿದರೆ ಸಾಕು.

ನಡುವೆ ಪಾಸ್‌ವರ್ಡ್ ಇಲ್ಲದ ವೈಫೈಯನ್ನೂ ಗುಪ್ತಲಿಪಿಯಲ್ಲಿ ಕಳಿಸುವ ಓಡಬ್ಲ್ಯುಇಯನ್ನೂ ಪ್ರಯೋಗಿಸಿದೆ. ಅದು ಗಾಳಿಯಲ್ಲಿನ ಮಾತನ್ನು ಮುಚ್ಚಿಡುತ್ತದೆಯೇ ಹೊರತು ಬಂದವರು ಯಾರೆಂದು ಕೇಳುವುದಿಲ್ಲ. ಹಳೆಯ ಫೋನುಗಳಿಗೆ ಅದು ಕಾಣಿಸಲೂ ಇಲ್ಲ. ಸರ್ಟಿಫಿಕೇಟ್ ಒಪ್ಪದ ಟಿವಿಗಳಿಗೆ ಹೋಸ್ಟ್‌ಎಪಿಡಿಯ (ಎಪಿಯೊಳಗೆ ವೈಫೈ ನಡೆಸುವ ತಂತ್ರಾಂಶ) ಪಿಎಸ್‌ಕೆ ಫೈಲಿನಲ್ಲಿ ಕೋಣೆಗೊಂದು ಕೀ, ಅಂದರೆ ಪಾಸ್‌ವರ್ಡ್, ಬರೆದಿಟ್ಟೆ, ಚೆನ್ನಾಗಿ ನಡೆಯುತ್ತಿದೆ.

ಮಾಲೀಕರು ಈಗ ಮಡಿವಾಳದ ಕಟ್ಟಡಕ್ಕೂ ಇದನ್ನೇ ಕೇಳಿದ್ದಾರೆ. ಅಲ್ಲಿನ ಎಪಿಗಳ ಚಿಕ್ಕ ಫ್ಲ್ಯಾಶ್ ಮೆಮೊರಿಯಲ್ಲಿ ಇದಕ್ಕೆ ಬೇಕಾದ ವೈಫೈ ತಂತ್ರಾಂಶ, ಪೂರ್ಣ ಡಬ್ಲ್ಯುಪ್ಯಾಡ್, ಹಿಡಿಸದು, ಅವನ್ನು ಮೊದಲು ಬದಲಿಸಬೇಕು.