ಪಹಣಿಯನ್ನು ಹಿಂದಕ್ಕೆ ಓದುವ ಬಗೆ

ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಆನೇಕಲ್ ಕಡೆಯ ಜಮೀನು ಕೊಳ್ಳಲು ಹೊರಟ ಬೆಂಗಳೂರಿನವರು ಸಾಮಾನ್ಯವಾಗಿ ನನ್ನ ಮುಂದಿಡುವುದು ಎರಡೇ ಕಾಗದ: ಈ ವರ್ಷದ ಪಹಣಿ (ಜಮೀನಿನ ಹಕ್ಕು, ಸಾಗುವಳಿಯ ಕಂದಾಯ ದಾಖಲೆ), ಒಂದಷ್ಟು ವರ್ಷದ ಇಸಿ (ನೋಂದಣಿಯಾದ ವಹಿವಾಟುಗಳ ಋಣಭಾರ ಪತ್ರ). "ಎಲ್ಲಾ ಕ್ಲಿಯರ್ ಇದೆ ಸಾರ್" ಎಂಬ ದಲ್ಲಾಳಿಯ ಮಾತು ಅದಕ್ಕೆ ಕೊಸರು. ಪಹಣಿ ಇವತ್ತು ಯಾರ ಹೆಸರಿದೆ ಎಂದಷ್ಟೇ ಹೇಳುತ್ತದೆ. ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 133ನೇ ಕಲಮಿನ ಪ್ರಕಾರ ಆ ನಮೂದನ್ನು ತಪ್ಪೆಂದು ಸಾಬೀತಾಗುವ ತನಕ ಸರಿ ಎಂದು ಭಾವಿಸಬೇಕು, ಅಷ್ಟೇ. ಖಾತೆಯಾದ ಮಾತ್ರಕ್ಕೆ ಒಡೆತನ ಹುಟ್ಟುವುದಿಲ್ಲ ಎಂದು ಕೋರ್ಟುಗಳು ಮತ್ತೆ ಮತ್ತೆ ಹೇಳಿವೆ. ಹಾಗಾಗಿ ನಾನು ನೋಡುವುದು ಆ ಹೆಸರು ಅಲ್ಲಿಗೆ ಹೇಗೆ ಬಂತು ಎಂಬುದನ್ನು.

ಮೊದಲು ವಿಸ್ತೀರ್ಣ. ಪಹಣಿಯಲ್ಲಿ 3.20 ಎಂದರೆ ಮೂರೂವರೆ ಎಕರೆ. 40 ಗುಂಟೆಗೆ ಒಂದು ಎಕರೆ, ಗುಂಟೆಗೆ 16 ಆಣೆ, ಅಂದರೆ 1,089 ಚದರಡಿ. ಕ್ಯಾಲ್ಕುಲೇಟರಿನಲ್ಲಿ ದಶಮಾಂಶದಂತೆ ಕೂಡಿದರೆ ಲೆಕ್ಕ ಹಳ್ಳ ಹಿಡಿಯುತ್ತದೆ. 3ನೇ ಕಾಲಮಿನಲ್ಲಿ ಒಟ್ಟು 3-20, ಬಿ ಖರಾಬು 0-04, ಉಳಿದದ್ದು 3-16 ಎಂದಿದೆ ಎನ್ನಿ. 9ನೇ ಕಾಲಮಿನಲ್ಲಿ ಮೂವರ ಹೆಸರಿಗೆ 1-30, 0-36, 0-34 ಇದ್ದರೆ ಕೂಡಿದಾಗ 3-20 ಬರುತ್ತದೆ. ನಾಲ್ಕು ಗುಂಟೆ ಹೆಚ್ಚು, ಸರಿಯಾಗಿ ಖರಾಬಿನಷ್ಟೇ. ಬಂಡಿದಾರಿಯನ್ನೋ ಹಳ್ಳವನ್ನೋ ಯಾರೋ ಪಾಲಿಗೆ ಸೇರಿಸಿಕೊಂಡಿದ್ದಾರೆ ಎಂದರ್ಥ. ಆ ನಾಲ್ಕು ಗುಂಟೆಯಲ್ಲಿ 30x40ರ ಮೂರೂವರೆ ಸೈಟು ಹಿಡಿಸುತ್ತದೆ. ಬಿ ಖರಾಬು ಸಾರ್ವಜನಿಕರಿಗೆ ಬಿಟ್ಟ ನೆಲ, ಮಾರುವವರಿಗೆ ಅದರ ಮೇಲೆ ಹಕ್ಕಿಲ್ಲ. ಎ ಖರಾಬು ಬೇರೆ, ಅದು ಸಾಗುವಳಿಗೆ ಬಾರದ ಕಲ್ಲುಬಂಡೆಯಂಥ ಜಾಗ. ಇದನ್ನು ಸರ್ವೆ ಇಲಾಖೆಯ ವಿಸ್ತೀರ್ಣದ ದಾಖಲೆಯಾದ ಆಕಾರ್‌ಬಂದ್ ಜೊತೆ ತಾಳೆ ಹಾಕದೆ ಮುಂದಕ್ಕೆ ಹೋಗುವುದಿಲ್ಲ. ಪಹಣಿಗೂ ಆಕಾರ್‌ಬಂದ್‌ಗೂ ವ್ಯತ್ಯಾಸವಿದ್ದರೆ ಪೋಡಿಯೂ (ಸರ್ವೆ ನಂಬರನ್ನು ಅಳೆದು ಪಾಲುಗಳನ್ನು ಬೇರ್ಪಡಿಸುವುದು) ಆಗದು, 11ಇ ನಕ್ಷೆಯೂ (ಭಾಗ ಮಾರುವ ಮುನ್ನ ಮಾಡಿಸುವ ಸರ್ವೆ ನಕ್ಷೆ) ಅಲ್ಲೇ ನಿಲ್ಲುತ್ತದೆ.

ನಿಜವಾದ ಕೆಲಸ ಇರುವುದು 10ನೇ ಕಾಲಮಿನಲ್ಲಿ. ಅಲ್ಲಿರುವ ಎಂಆರ್ (ಖಾತೆ ಬದಲಾವಣೆಯ ಮ್ಯುಟೇಷನ್ ರಿಜಿಸ್ಟರ್) ಸಂಖ್ಯೆ ಮತ್ತು ವರ್ಷ ಹಿಡಿದು ಮ್ಯುಟೇಷನ್ ಪ್ರತಿ ತೆಗೆಸುತ್ತೇನೆ. ಅದರಲ್ಲಿ ಕ್ರಯವೋ, ವಿಭಾಗವೋ, ದಾನವೋ, ಮಂಜೂರಾತಿಯೋ ತಿಳಿಯುತ್ತದೆ. ಅದರ ಹಿಂದಿನ ಪಹಣಿ, ಅದರ ಎಂಆರ್, ಹೀಗೆ ಒಂದೊಂದೇ ಮೆಟ್ಟಿಲು ಇಳಿಯಬೇಕು. ಪಹಣಿಗಳನ್ನು ಗಣಕೀಕರಿಸಿದ ಭೂಮಿ ತಂತ್ರಾಂಶಕ್ಕೂ ಹಿಂದಿನ ಕೈಬರಹದ ಪಹಣಿಗಳನ್ನು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನ ದಾಖಲೆಗಳಿಂದ ತೆಗೆಸಬೇಕು. ಇನ್ನೂ ಹಿಂದಕ್ಕೆ ಜಮೀನುಗಳ ಸೂಚಿಯಾದ ಐಎಲ್, ಹಕ್ಕುಗಳ ದಾಖಲೆಯಾದ ಆರ್‌ಆರ್ ಪುಸ್ತಕಗಳು. "ಆರ್‌ಆರ್‌ಟಿ" ಎಂದು ಕಂಡರೆ ಅದು ತಕರಾರಾಗಿ ತೀರ್ಮಾನವಾದ ಖಾತೆ. ತಹಶೀಲ್ದಾರರ ಆದೇಶದ ದೃಢೀಕೃತ ನಕಲು ತೆಗೆಸಿ, ಅದೇ ಭೂ ಕಂದಾಯ ಕಾಯ್ದೆಯ 136(2)ರಲ್ಲಿ ಎಸಿ (ಉಪವಿಭಾಗಾಧಿಕಾರಿ) ಮುಂದೆ ಮೇಲ್ಮನವಿ, 136(3)ರಲ್ಲಿ ಡಿಸಿ ಮುಂದೆ ರಿವಿಷನ್ ಬಾಕಿ ಇದೆಯೇ ಎಂದು ವಿಚಾರಿಸಬೇಕು.

"ಐಎಚ್‌ಸಿ" ಎಂದಿದ್ದರೆ ಪೌತಿ ಖಾತೆ, ಸತ್ತವರಿಂದ ವಾರಸುದಾರರ ಹೆಸರಿಗೆ ಬಂದದ್ದು. ಹೆಚ್ಚಿನ ದಾವೆಗಳ ಬೇರು ಇಲ್ಲೇ. ಯಜಮಾನ ತೀರಿಕೊಂಡ ಮೇಲೆ ಹಿರಿಮಗನ ಹೆಸರಿಗೋ ಗಂಡುಮಕ್ಕಳ ಹೆಸರಿಗೋ ಖಾತೆ ಕೂತಿರುತ್ತದೆ, ಹೆಣ್ಣುಮಕ್ಕಳ ಹೆಸರೇ ಇರುವುದಿಲ್ಲ. ಇಸಿಯಲ್ಲಿ ಇದರ ಸುಳಿವೂ ಸಿಗದು, ಏಕೆಂದರೆ ಪೌತಿ ನೋಂದಣಿಯಾಗುವ ವಹಿವಾಟಲ್ಲ. ಪಿತ್ರಾರ್ಜಿತ ಜಮೀನಾದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹಾಗೂ 2020ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಮಗಳು ಹುಟ್ಟಿನಿಂದಲೇ ಪಾಲುದಾರಳು. 2005ರಲ್ಲಿ ತಂದೆ ಬದುಕಿರಬೇಕಿತ್ತು ಎಂಬ ವಾದ ಈಗ ನಡೆಯದು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ವಿಭಾಗಪತ್ರವೋ ಕೋರ್ಟಿನ ವಿಭಾಗ ಡಿಕ್ರಿಯೋ ಇದ್ದರೆ ಲೆಕ್ಕ ಬೇರೆ. ಊರಿನ ಹಿರಿಯರು ಕೂತು ಬರೆಸಿದ ಪಂಚಾಯ್ತಿ ಪಾಲುಪಟ್ಟಿ ನಂಬಿ ಹಣ ಕೊಡಬೇಡಿ. ನಾಡಕಚೇರಿಯ ವಂಶವೃಕ್ಷವೊಂದನ್ನೇ ನಂಬಿಯೂ ಮುಂದೆ ಹೋಗುವುದಿಲ್ಲ. ಪಡಿತರ ಚೀಟಿ, ಮರಣ ಪ್ರಮಾಣಪತ್ರಗಳ ಜೊತೆ ಹೋಲಿಸಿ, ಬಿಟ್ಟುಹೋದ ಅಕ್ಕತಂಗಿಯರು ಕ್ರಯಪತ್ರಕ್ಕೆ ಸಹಿ ಹಾಕಲಿ ಅಥವಾ ಹಕ್ಕು ಖುಲಾಸೆಯನ್ನು ನೋಂದಾಯಿಸಲಿ ಎನ್ನುತ್ತೇನೆ. "ಅವರಿಗೆ ಮದುವೆಯಲ್ಲೇ ಕೊಟ್ಟಾಗಿದೆ" ಎಂಬುದು ಉತ್ತರವಲ್ಲ.

ಮುಂದಿನದು ಗೇಣಿ. ಕರ್ನಾಟಕ ಭೂ ಸುಧಾರಣಾ ಕಾಯ್ದೆಯಡಿ 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾದವು; ಜಮೀನನ್ನು ತಮಗೇ ಕೊಡಿ ಎಂದು ಗೇಣಿದಾರರು ಫಾರಂ 7 ಹಾಕಲು ಕೊನೆಯ ಗಡುವು 1979ರ ಜೂನ್ 30. ಅದಕ್ಕೇ 1969ರಿಂದ 1974ರವರೆಗಿನ ಪಹಣಿಯಲ್ಲಿ ಸಾಗುವಳಿದಾರರ ಹೆಸರಿರುವ 12ನೇ ಕಾಲಂ ಬಿಡದೆ ನೋಡುತ್ತೇನೆ. ಅಲ್ಲಿ ಒಡೆಯನಲ್ಲದವನ ಹೆಸರಿದ್ದರೆ ಫಾರಂ 7, 7ಎ (ಗಡುವು ತಪ್ಪಿದವರ ಅರ್ಜಿ) ಬಗ್ಗೆ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ ತೆಗೆಸಲೇಬೇಕು. ಹಿಂಬರಹ ಬಂದಾಗ ಅದರ ವಾಕ್ಯ ಗಮನಿಸಿ: "ಅರ್ಜಿ ದಾಖಲಾಗಿರುವುದಿಲ್ಲ" ಎಂದಿದ್ದರೆ ಸರಿ, "ಕಡತ ಲಭ್ಯವಿಲ್ಲ" ಎಂದಿದ್ದರೆ ಏನೂ ತಿಳಿದಂತಾಗಲಿಲ್ಲ. ಭೂ ನ್ಯಾಯಮಂಡಳಿ ಅಧಿಭೋಗದ ಹಕ್ಕು ಕೊಟ್ಟ ಜಮೀನಾದರೆ ಅಂತಿಮ ಆದೇಶದಿಂದ 15 ವರ್ಷ ಪರಭಾರೆ ನಿಷೇಧವಿತ್ತು (ಭೂ ಸುಧಾರಣಾ ಕಾಯ್ದೆಯ 61ನೇ ಕಲಂ). ಅದರೊಳಗಿನ ಕ್ರಯ ನಿಲ್ಲುವುದಿಲ್ಲ. ಅಣ್ಣನೊಬ್ಬನ ಹೆಸರಿಗೆ ಫಾರಂ 10 (ಅಧಿಭೋಗದ ಹಕ್ಕಿನ ಪ್ರಮಾಣಪತ್ರ) ಬಂದಿದ್ದರೂ ಗೇಣಿ ಇಡೀ ಕುಟುಂಬದ್ದಾಗಿದ್ದರೆ ತಮ್ಮಂದಿರು ಪಾಲು ಕೇಳಬಹುದು.

ಮಂಜೂರಾದ ಜಮೀನಿಗೆ ಮೂಲ ಮಂಜೂರಾತಿ ಕಡತ ಮತ್ತು ಸಾಗುವಳಿ ಚೀಟಿ (ಮಂಜೂರಾದವರಿಗೆ ಕೊಡುವ ಪತ್ರ) ಎರಡೂ ಬೇಕು. ಮಂಜೂರಾದವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ, ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ಉಳಿಯದು. ಜಮೀನು ಮರಳಿ ಕೇಳಲು ಕಾಲಮಿತಿ ಇಲ್ಲ ಎಂದು 2023ರ ತಿದ್ದುಪಡಿ ಹೇಳಿದೆ. ಸರ್ವೆ ನಂಬರಿನ ಮುಂದೆ "ಪಿ1", "ಪಿ7" ಎಂದಿದ್ದರೆ ಪೋಡಿಯಾಗಿಲ್ಲವೆಂದು ತಿಳಿಯಿರಿ: ಕಾಗದದಲ್ಲಿ ಎರಡು ಎಕರೆ ಇದೆ, ನೆಲದ ಮೇಲೆ ಯಾವ ಎರಡು ಎಕರೆ ಎಂದು ಯಾರೂ ಗುರುತಿಸಿಲ್ಲ.

ಗ್ರಾಮ ಪಂಚಾಯ್ತಿ ಸೈಟಿಗೆ ಇಷ್ಟು ಸಾಕು: ಪಂಚಾಯ್ತಿ ಆಸ್ತಿಗಳ ಗಣಕೀಕೃತ ದಾಖಲೆಯಾದ ಇ-ಸ್ವತ್ತಿನಲ್ಲಿ ಕ್ರಮಬದ್ಧ ಸೈಟಿನ ನಮೂನೆ 9 ಮತ್ತು 11ಎ ಇದೆಯೇ, ಬರೀ ಕ್ರಮಬದ್ಧವಲ್ಲದ್ದರ 11ಬಿಯೇ ಎಂದು ನೋಡಿ. ತೆರಿಗೆ ಕಟ್ಟಿದ ರಸೀದಿ ಭೂ ಪರಿವರ್ತನೆ ಆದೇಶದ ಬದಲಿಗೆ ಆಗದು.

ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ 11ಇ ನಕ್ಷೆ ಬೇಕು. ಅದನ್ನು ಮತ್ತು ಗ್ರಾಮ ನಕ್ಷೆಯನ್ನು ಹಿಡಿದು ಜಾಗಕ್ಕೆ ಹೋಗಿ, ಕರಡು ಕ್ರಯಪತ್ರದ ಚೆಕ್ಕುಬಂದಿಯನ್ನು ನಾಲ್ಕೂ ದಿಕ್ಕಿನಲ್ಲಿ ನಿಂತು ಓದಿ, ಪಕ್ಕದ ಹೊಲದವರನ್ನು ಕೇಳಿ. ಪೂರ್ವಕ್ಕೆ "ರಸ್ತೆ" ಎಂದು ಬರೆದಿದ್ದು ನಕ್ಷೆಯಲ್ಲಿ ಅಲ್ಲಿ ಬೇರೆಯವರ ಸರ್ವೆ ನಂಬರ್ ಇದ್ದರೆ, ದಾರಿಯ ಹಕ್ಕನ್ನು ಆ ಮಾಲೀಕರಿಂದ ಬರೆಸಿಕೊಂಡು ನೋಂದಾಯಿಸುವ ತನಕ ಮುಂಗಡ ಕೊಡಬೇಡಿ.