ಮನೆ ಶೆಡ್‌ಗೆ ಮಿಗ್ ವೆಲ್ಡಿಂಗ್ ಮಷಿನ್ ತಗೊಳ್ಳೋರಿಗೆ

ಕಲಬುರಗಿ ಕಡೆ ಮಿಗ್ ಮಷಿನ್ (ವೈರ್ ತಾನೇ ಮುಂದೆ ಬರುತ್ತಾ, ಗ್ಯಾಸ್ ಹೊದಿಕೆಯಲ್ಲಿ ವೆಲ್ಡ್ ಮಾಡೋ ಮಷಿನ್) ತಗೊಳ್ಳೋರು ಬರೀ ಆಂಪ್ಸ್ ನೋಡಬೇಡಿ, ಡ್ಯೂಟಿ ಸೈಕಲ್ ಕೇಳಿ. 200 ಆಂಪ್ಸ್‌ಗೆ ಶೇ 60 ಅಂದ್ರೆ 10 ನಿಮಿಷಕ್ಕೆ 6 ನಿಮಿಷ ವೆಲ್ಡಿಂಗ್, ಉಳಿದದ್ದು ಮಷಿನ್ ತಣ್ಣಗಾಗೋಕೆ. ಆ ಲೆಕ್ಕವನ್ನೂ ಸಾಮಾನ್ಯವಾಗಿ 40 ಡಿಗ್ರಿಗೆ ಹಾಕಿರುತ್ತಾರೆ. ನಮ್ಮ ಮೇ ತಿಂಗಳ ಬಿಸಿಲಲ್ಲಿ, ಅದೂ ತಗಡಿನ ಶೆಡ್‌ನೊಳಗೆ, 40ಕ್ಕೇ ನಿಲ್ಲುತ್ತದಾ? ಬಿಸಿ ಏರಿದಷ್ಟೂ ವೆಲ್ಡಿಂಗ್ ಮಾಡೋ ಹೊತ್ತು ಕಡಿಮೆಯಾಗುತ್ತದೆ. ಹಂಗಾಗಿ ಕಡಿಮೆ ಆಂಪ್ಸ್ ಸಾಕಾಗೋ ಗ್ರಿಲ್, ಗೇಟು ಕೆಲಸಕ್ಕೂ ಸಿಂಗಲ್ ಫೇಸ್ 200 ಆಂಪ್ಸ್ ಇನ್ವರ್ಟರ್ ಮಷಿನ್ನೇ ಇರಲಿ. ವೈರ್ 0.8 ಎಂಎಂ ಸಾಕು. ಮನೆಯ 16 ಆಂಪ್ಸ್ ಪ್ಲಗ್‌ಗೆ ಸುಮ್ನೆ ಸಿಕ್ಕಿಸಬೇಡಿ, ಎಲೆಕ್ಟ್ರಿಷಿಯನ್ ಕರೆಸಿ ಬೇರೆ ಲೈನ್ ಎಳೆಸಿ.

ಅಂಗಳದಲ್ಲಿ ಕೆಲಸ ಜಾಸ್ತಿ ಇದ್ದರೆ ಗಾಳಿಗೆ ಗ್ಯಾಸ್ ಹಾರಿಹೋಗುತ್ತದೆ. ಗ್ಯಾಸ್ ಬೇಡದ ಫ್ಲಕ್ಸ್ ಕೋರ್ ವೈರ್ (ಒಳಗೆ ಫ್ಲಕ್ಸ್ ಪುಡಿ ತುಂಬಿದ ವೈರ್) ಹಾಕಲು ಬರುವ ಮಷಿನ್ ನೋಡಿ. ಆ ವೈರ್ ಹಾಕುವಾಗ ಟಾರ್ಚ್ (ಕೈಯಲ್ಲಿ ಹಿಡಿದು ವೆಲ್ಡ್ ಮಾಡೋ ಗನ್) ಕನೆಕ್ಷನ್ ಮೈನಸ್‌ಗೆ ಬದಲಿಸಬೇಕು.