ಎರಡು ಸಾವಿರ ರೂಪಾಯಿ, ಒಂದು ಚೀಟಿ, ಐದನೇ ತರಗತಿಯ ಮಗಳು

ಮೇ ಕೊನೆಗೆ ಶಾಲೆಯ ಸಾಮಾನು ಕೊಳ್ಳಲು ಬೆಂಗಳೂರಿನ ಅವೆನ್ಯೂ ರಸ್ತೆಗೆ ಹೋಗುವುದು ನಮ್ಮ ಮನೆಯ ವಾರ್ಷಿಕ ಜಾತ್ರೆ. ಈ ಸಲ ದುಡ್ಡನ್ನು ಮಗಳ ಕೈಗೇ ಕೊಟ್ಟೆ: ಎರಡು ಸಾವಿರ, ನೋಟುಗಳಲ್ಲಿ. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರೆ ದುಡ್ಡು ಕರಗುವುದು ಮಕ್ಕಳ ಕಣ್ಣಿಗೆ ಬೀಳುವುದಿಲ್ಲ.

ಹಿಂದಿನ ದಿನ ಹಳೆಯ ಬ್ಯಾಗನ್ನು ನೆಲಕ್ಕೆ ಸುರಿಸಿ. ನಮಗೆ ಮೂರು ಸ್ಕೇಲು, ಅರ್ಧ ಖಾಲಿಯಿದ್ದ ನಾಲ್ಕು ನೋಟ್‌ಬುಕ್ ಸಿಕ್ಕವು. ಖಾಲಿ ಹಾಳೆ ಕಿತ್ತು ದಾರದಲ್ಲಿ ಹೊಲಿದರೆ ರಫ್ ಪುಸ್ತಕ ಸಿದ್ಧ. ಇನ್ನು ಕೊಳ್ಳಬೇಕಾದದ್ದರ ಚೀಟಿಯನ್ನು ಮಗುವೇ ಬರೆಯಲಿ.

ಅಂಗಡಿಯಲ್ಲಿ ಬಿಡಿ ಬೆಲೆಯ ಜೊತೆ ಡಜನ್ ದರವನ್ನೂ ಮಗುವೇ ಕೇಳಲಿ. 2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್, ಪೆನ್ಸಿಲ್‌ಗಳಿಗೆ ಜಿಎಸ್‌ಟಿ ಇಲ್ಲ. ಬಿಲ್ ಓದುವುದನ್ನು ಇಲ್ಲಿಂದಲೇ ಕಲಿಸಬಹುದು.

ನನ್ನ ಮಗಳ ಕಣ್ಣು 1,150 ರೂಪಾಯಿಯ ಮಿನುಗುವ ಬ್ಯಾಗಿನ ಮೇಲೆ ಬಿತ್ತು. ಚೀಟಿಯ ಹಿಂಬದಿಯಲ್ಲಿ ಕಳೆಯುತ್ತಾ ಹೋದಳು: ಉಳಿದದ್ದು 850. ನೋಟ್‌ಬುಕ್ ಡಜನ್‌ಗೆ 540, ಬೈಂಡ್ ಹಾಳೆ, ಲೇಬಲ್‌ಗೆ 90. ನೀರಿನ ಬಾಟಲಿಗೆ 250 ಬೇಕು, ಇರುವುದು 220. ಮೂವತ್ತು ರೂಪಾಯಿ ಕೊಡಲು ನನ್ನ ಕೈ ಜೇಬಿಗೆ ಹೋಗಿಯೇ ಬಿಟ್ಟಿತ್ತು, ಹೇಗೋ ತಡೆದುಕೊಂಡೆ. ನೀವೂ ತಡೆದುಕೊಳ್ಳಿ, ಇಡೀ ಪಾಠದಲ್ಲಿ ಕಷ್ಟದ ಭಾಗ ಇದೊಂದೇ. ಐದು ನಿಮಿಷ ಮುಖ ಊದಿಸಿಕೊಂಡು ನಿಂತವಳು ಕೊನೆಗೆ 700ರ ನೀಲಿ ಬ್ಯಾಗ್ ಎತ್ತಿಕೊಂಡಳು.

ಉಳಿದ ಹಣ ಮಗುವಿನದೇ ಎಂದು ಮೊದಲೇ ಹೇಳಿರಬೇಕು. ಬಾಟಲಿಯನ್ನೂ ಕೊಂಡ ಮೇಲೆ ಉಳಿದ 420ರಲ್ಲಿ ಅರವತ್ತನ್ನು ಮಿನುಗು ಪೆನ್ನಿಗೆ ಸುರಿದಳು. ನನಗೆ ಒಪ್ಪಿಗೆಯಿರಲಿಲ್ಲ, ಬಾಯಿ ಬಿಡಲಿಲ್ಲ. ಹೋಟೆಲ್ ಮುಂದೆ, "ಮಸಾಲೆ ದೋಸೆ ಕೊಡಿಸುತ್ತೀಯಾ?" ಎಂದೆ.

"ಅದು ಚೀಟಿಯಲ್ಲಿಲ್ಲವಲ್ಲ, ಅಪ್ಪಾ."